ಕಸವೆಂದು ಕರೆದ ಮೊದಲ ಮನೆ



ಕೊಟ್ಟಿಗೆಯಲ್ಲಿ ಹಸು ಕರು ಹಾಕಿದ ಸುದ್ದಿ ಬಂದಾಗ ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಹೆಣ್ಣುಗರುವೋ ಹೋರಿಗರುವೋ ಎಂಬುದು. ಎರಡನೆಯದು, ‘ಕಸ ಬಿತ್ತೇ?’ ಎಂಬುದು. ಕೆಲವರು ಅದನ್ನೇ ಮಾಸು ಎನ್ನುತ್ತಾರೆ. ಕರುವಿನ ಹಿಂದೆಯೇ ಹೊರಬೀಳುವ ಆ ಪೊರೆಗಳ ಮುದ್ದೆಯನ್ನು ನಾಯಿಗಳ ಬಾಯಿಗೆ ಸಿಗದಂತೆ ಹೂತುಬಿಟ್ಟರೆ ನಮ್ಮ ಪಾಲಿಗೆ ಅದರ ಕಥೆ ಮುಗಿಯಿತು.

ಆದರೆ ನಾವು ಕಸವೆಂದು ಕರೆಯುವ ಅದು ತಾಯಿಯ ಒಡಲಿನಿಂದ ಕಳಚಿಬಿದ್ದ ಬೇಡದ ಮಾಂಸವಲ್ಲ. ಕರು ಬೆಳೆದ ಬೀಜಾಣುವಿನಿಂದಲೇ ಆ ಪೊರೆಗಳೂ ಬೆಳೆದವು. ಜೀವ ತನ್ನ ದೇಹವನ್ನು ಕಟ್ಟಿಕೊಳ್ಳುವ ಜೊತೆಯಲ್ಲಿಯೇ ತನಗೊಂದು ಮನೆಯನ್ನೂ ಕಟ್ಟಿಕೊಂಡಿತು. ಹುಟ್ಟುವ ದಿನ ಆ ಮನೆಯನ್ನು ಬಿಟ್ಟು ಬಂದಿತು. ಈ ಸತ್ಯವನ್ನು ಅರಿಯಲು ಮನುಷ್ಯನಿಗೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಆ ದೀರ್ಘ ಇತಿಹಾಸದಲ್ಲಿ ನಮ್ಮ ಧರ್ಮಸಭೆಯ ಒಬ್ಬ ಧರ್ಮಾಧ್ಯಕ್ಷರ ಹೆಸರೂ ಇದೆಯೆಂದರೆ ನಿಮಗೆ ಆಶ್ಚರ್ಯವಾದೀತು.

ಮೊದಲು ಆ ಮನೆಯ ಪರಿಚಯ ಮಾಡಿಕೊಳ್ಳೋಣ. ಹಾವು, ಹಲ್ಲಿ, ಹಕ್ಕಿ, ಹಸು, ಮನುಷ್ಯ ಇವೆಲ್ಲವುಗಳ ಭ್ರೂಣಕ್ಕೂ ನಾಲ್ಕು ಪೊರೆಗಳ ಆಸರೆಯಿದೆ. ಭ್ರೂಣವನ್ನು ನೀರಿನಲ್ಲಿ ತೇಲಿಸಿ ಕಾಪಾಡುವ ಒಳಚೀಲ ಆಮ್ನಿಯಾನ್. ಹೆರಿಗೆಯ ಹೊತ್ತಿನಲ್ಲಿ ‘ನೀರು ಒಡೆಯಿತು’ ಎನ್ನುವುದು ಇದು ಹರಿದಾಗಲೇ. ಎಲ್ಲವನ್ನೂ ಹೊರಗಿನಿಂದ ಸುತ್ತುವರಿದದ್ದು ಕೋರಿಯಾನ್. ಆಹಾರವನ್ನು ಹಿಡಿದಿಟ್ಟುಕೊಳ್ಳುವುದು ಹಳದಿಯ ಚೀಲ. ಮೊಟ್ಟೆಯೊಳಗಿನ ಮರಿಯ ಕಶ್ಮಲವನ್ನು ಕೂಡಿಡುತ್ತಾ ಕೋರಿಯಾನ್ ಜೊತೆಗೂಡಿ ಅದಕ್ಕೆ ಉಸಿರನ್ನೂ ಒದಗಿಸುವುದು ಅಲಂಟಾಯಿಸ್. ಬೇಯಿಸಿದ ಮೊಟ್ಟೆಯನ್ನು ಸುಲಿಯುವಾಗ ಚಿಪ್ಪಿನ ಒಳಮೈಗೆ ಅಂಟಿದ ಬಿಳಿಯ ಪೊರೆ ಈ ನಾಲ್ಕರಲ್ಲಿ ಒಂದಲ್ಲ. ಅದು ಕೋಳಿಯ ಒಡಲಲ್ಲೇ ಸಿದ್ಧವಾದದ್ದು. ಈ ನಾಲ್ಕಾದರೋ ಕಾವು ದೊರೆತ ಮೇಲೆ ಮರಿಯೊಂದಿಗೆ ಬೆಳೆಯುವಂಥವು.

ಮೀನು ಕಪ್ಪೆಗಳಿಗೆ ಈ ಆಮ್ನಿಯಾನ್ ಇಲ್ಲ. ಆದುದರಿಂದಲೇ ಅವುಗಳಲ್ಲಿ ಹೆಚ್ಚಿನವು ನೀರಿನಲ್ಲಿ ಅಥವಾ ತೇವವಿರುವಲ್ಲಿ ಮೊಟ್ಟೆ ಇಡಬೇಕು. ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಕೆಲವು ಜೀವಿಗಳು ನೀರನ್ನು ಬಿಟ್ಟು ಒಣನೆಲದಲ್ಲಿ ಸಂತಾನ ಬೆಳೆಸಲು ಸಾಧ್ಯವಾದದ್ದು ಈ ಪೊರೆಗಳಿಂದ. ಕೆರೆಯನ್ನು ಬಿಟ್ಟು ಹೊರಟವು ಪುಟ್ಟ ಕೆರೆಯೊಂದನ್ನು ಚೀಲದಲ್ಲಿ ಕಟ್ಟಿಕೊಂಡು ನಡೆದವು ಎನ್ನಬಹುದು.

ಈ ಪೊರೆಗಳನ್ನು ಗಮನವಿಟ್ಟು ನೋಡಿ ಬರೆದಿಟ್ಟವರಲ್ಲಿ ಮೊದಲಿಗರ ಸಾಲಿಗೆ ಸೇರಿದವನು ಗ್ರೀಸ್ ದೇಶದ ಅರಿಸ್ಟಾಟಲ್. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಆತನು ಕಾವಿಗಿಟ್ಟ ಮೊಟ್ಟೆಗಳ ಬೆಳವಣಿಗೆಯನ್ನು ಹಂತಹಂತವಾಗಿ ವಿವರಿಸಿದನು. ಮೂರು ದಿನಗಳ ಬಳಿಕ ರಕ್ತದ ಬಿಂದುವಿನಂತೆ ಮಿಡಿಯುವ ಹೃದಯವನ್ನು ಕಂಡನು. ಮರಿಯ ಹೊಕ್ಕುಳಿನಿಂದ ಹೊರಡುವ ಎರಡು ಬಳ್ಳಿಗಳಲ್ಲಿ ಒಂದು ಹಳದಿಯ ಕಡೆಗೂ ಇನ್ನೊಂದು ಹೊರಪೊರೆಯ ಕಡೆಗೂ ಸಾಗುವುದನ್ನು ಗುರುತಿಸಿದನು. ಒಂದು ಜಾತಿಯ ಶಾರ್ಕ್ ಮೀನಿನ ಮರಿ ಹೊಕ್ಕುಳಬಳ್ಳಿಯ ಮೂಲಕ ತಾಯಿಯ ಗರ್ಭಕ್ಕೆ ಅಂಟಿಕೊಂಡಿರುತ್ತದೆಂದೂ ಬರೆದನು. ಮೀನಿಗೆಲ್ಲಿಯ ಹೊಕ್ಕುಳಬಳ್ಳಿ ಎಂದು ಅನೇಕರು ಸಂಶಯಪಟ್ಟರು. 1842ರಲ್ಲಿ ಬರ್ಲಿನ್ನಿನ ವಿದ್ವಾಂಸ ಯೋಹಾನೆಸ್ ಮ್ಯೂಲರ್ ಆ ಮಾತು ನಿಜವೆಂದು ತೋರಿಸಿದನು. ಅಲ್ಲಿ ಹಳದಿಯ ಚೀಲವೇ ತಾಯಿಯ ಗರ್ಭಕ್ಕೆ ಅಂಟಿಕೊಂಡು ಮರಿಯನ್ನು ಪೋಷಿಸುತ್ತದೆ.

ಅರಿಸ್ಟಾಟಲನ ತರುವಾಯ ಬಹುಕಾಲ ಜನರು ಮೊಟ್ಟೆಯನ್ನು ಒಡೆದು ನೋಡುವುದಕ್ಕಿಂತ ಆತನ ಗ್ರಂಥವನ್ನು ಓದುವುದರಲ್ಲೇ ತೃಪ್ತರಾದರು. ಇಟಲಿಯ ಪಾದುವ ವಿಶ್ವವಿದ್ಯಾನಿಲಯದ ಫ್ಯಾಬ್ರಿಸಿಯಸ್ 1600ರಲ್ಲಿ ಹಲವು ಪ್ರಾಣಿಗಳ ಭ್ರೂಣಪೊರೆಗಳ ಚಿತ್ರಗಳಿರುವ ಗ್ರಂಥವನ್ನು ಪ್ರಕಟಿಸಿದನು. ಆದರೆ ಹಳದಿಯ ಎರಡು ಬದಿಗೆ ಹಗ್ಗದಂತೆ ಕಾಣುವ ಬಿಳಿಯ ಎಳೆಗಳಿಂದ ಮರಿ ರೂಪುಗೊಳ್ಳುತ್ತದೆಂದು ಆತನು ತಪ್ಪಾಗಿ ತಿಳಿದಿದ್ದನು. ಆತನ ಶಿಷ್ಯನೂ ರಕ್ತಪರಿಚಲನೆಯನ್ನು ನಿರೂಪಿಸಿದವನೂ ಆದ ವಿಲಿಯಂ ಹಾರ್ವೆ 1651ರಲ್ಲಿ ಗುರುವಿನ ಈ ತಪ್ಪನ್ನು ತಿದ್ದಿದನು. ಹಳದಿಯ ಮೇಲಿರುವ ಚಿಕ್ಕ ಬಿಳಿಯ ಚುಕ್ಕೆಯೇ ಮರಿಯ ಮೂಲವೆಂದನು.

ಇನ್ನು ನಾನು ಹೇಳಲು ಹೊರಟ ವ್ಯಕ್ತಿಯ ಕಡೆಗೆ ಬರೋಣ. ಅವರು ನೀಲ್ಸ್ ಸ್ಟೆನ್ಸೆನ್. ನಿಕೊಲಾಸ್ ಸ್ಟೆನೊ ಎಂಬ ಹೆಸರಿನಿಂದಲೂ ಪ್ರಸಿದ್ಧರು. 1638ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಲೂಥರನ್ ಪಂಥದ ಅಕ್ಕಸಾಲಿಗನ ಮನೆಯಲ್ಲಿ ಜನಿಸಿದರು. ಇಪ್ಪತ್ತೆರಡರ ಹರೆಯದಲ್ಲಿ ಕುರಿಯ ತಲೆಯೊಂದನ್ನು ಛೇದಿಸಿ ನೋಡುತ್ತಿದ್ದಾಗ ಕೆನ್ನೆಯ ಜೊಲ್ಲುಗ್ರಂಥಿಯಿಂದ ಬಾಯಿಗೆ ಬರುವ ನಾಳವನ್ನು ಕಂಡರು. ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

1664ರಲ್ಲಿ ಅವರು ಪ್ರಕಟಿಸಿದ ಒಂದು ಪತ್ರದ ವಿಷಯ ಹಳದಿಯ ಚೀಲಕ್ಕೆ ಸಂಬಂಧಿಸಿದ್ದು. ಮೊಟ್ಟೆಯ ಹಳದಿ ಮರಿಯ ಒಡಲನ್ನು ಸೇರುವ ದಾರಿ ಯಾವುದು? ಹಳದಿಯ ಚೀಲದಿಂದ ಮರಿಯ ಕರುಳಿಗೆ ನೇರವಾಗಿ ಸಾಗುವ ಕಿರುನಾಳವನ್ನು ಅವರು ಅದರಲ್ಲಿ ವಿವರಿಸಿದರು. ಕೋಳಿಮರಿ ಇಪ್ಪತ್ತೊಂದನೆಯ ದಿನ ಹೊರಬರುವ ಮುನ್ನ ಉಳಿದ ಹಳದಿಯನ್ನು ಚೀಲಸಮೇತ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಅದೇ ಅದರ ದಾರಿಯ ಬುತ್ತಿ. ಒಂದು ದಿನದ ಮರಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಾಳು ನೀರಿಲ್ಲದೆ ದೂರದ ಊರಿಗೆ ಕಳುಹಿಸಲು ಕೋಳಿ ಸಾಕಣೆಯವರಿಗೆ ಸಾಧ್ಯವಾಗುವುದು ಈ ಬುತ್ತಿಯಿಂದಲೇ.

ಮೂರು ವರ್ಷಗಳ ಬಳಿಕ, 1667ರಲ್ಲಿ, ಶಾರ್ಕ್ ಜಾತಿಯ ಮೀನೊಂದನ್ನು ಪರೀಕ್ಷಿಸಿದ ಸ್ಟೆನ್ಸೆನ್ ಮತ್ತೊಂದು ಮಾತನ್ನು ಬರೆದರು. ಸ್ತ್ರೀಯ ಒಡಲಿನಲ್ಲಿರುವ, ಅದುವರೆಗೆ ಪುರುಷಾಂಗದ ಕುಂದಿದ ನಕಲೆಂದು ಎಣಿಸಲಾಗುತ್ತಿದ್ದ ಗ್ರಂಥಿಗಳು ವಾಸ್ತವದಲ್ಲಿ ಅಂಡಾಶಯಗಳು ಎಂಬುದೇ ಆ ಮಾತು. ಮಗುವಿನ ಉತ್ಪತ್ತಿಯಲ್ಲಿ ತಾಯಿ ಬರಿಯ ಹೊಲ, ಬೀಜವೆಲ್ಲ ತಂದೆಯದು ಎಂದು ನಂಬಿದ್ದ ಲೋಕಕ್ಕೆ ಇದು ಸಣ್ಣ ಮಾತಲ್ಲ. ಸಸ್ತನಿಯ ಅಂಡಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಇದನ್ನು ದೃಢಪಡಿಸಿದವನು ಕಾರ್ಲ್ ಎರ್ನ್ಸ್ಟ್ ಫಾನ್ ಬೇರ್. ಅದು 1827ರಲ್ಲಿ.

ಅದೇ 1667ರಲ್ಲಿ ಸ್ಟೆನ್ಸೆನ್ ಫ್ಲಾರೆನ್ಸಿನಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಹಿಂದಿನ ವರ್ಷ ಲಿವೋರ್ನೊ ಬಂದರಿನಲ್ಲಿ ಕಂಡ ಪರಮಪ್ರಸಾದದ ಮೆರವಣಿಗೆ ಅವರ ಮನಸ್ಸನ್ನು ಕಲಕಿತ್ತು. 1675ರಲ್ಲಿ ಗುರುದೀಕ್ಷೆ, 1677ರಲ್ಲಿ ಧರ್ಮಾಧ್ಯಕ್ಷ ಪದವಿ. ಬಳಿಕ ಉತ್ತರ ಯೂರೋಪಿನಲ್ಲಿ ಚದುರಿಹೋಗಿದ್ದ ಅಲ್ಪಸಂಖ್ಯಾತ ಕಥೋಲಿಕರ ನಡುವೆ ಬಡತನವನ್ನೇ ಆರಿಸಿಕೊಂಡು ದುಡಿದರು. 1686ರಲ್ಲಿ ಜರ್ಮನಿಯ ಶ್ವೆರೀನಿನಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ, ತೀರಿಕೊಂಡರು. 1988ರಲ್ಲಿ ವಿಶ್ವಗುರು ಎರಡನೇ ಜಾನ್ ಪಾಲ್ ಅವರನ್ನು ಪುನೀತರೆಂದು ಘೋಷಿಸಿದರು.

ಅಂಥ ಪ್ರತಿಭಾವಂತ ಸಂಶೋಧನೆಯನ್ನು ಬಿಟ್ಟದ್ದು ವಿಜ್ಞಾನಕ್ಕೆ ನಷ್ಟವಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ 1673ರಲ್ಲಿ ಕೋಪನ್‌ಹೇಗನ್‌ನ ಅಂಗರಚನಾ ಮಂದಿರದಲ್ಲಿ ಅವರು ಮಾಡಿದ ಭಾಷಣದ ತಿರುಳನ್ನು ನೆನೆಯಿರಿ. ಕಣ್ಣಿಗೆ ಕಾಣುವುದು ಚೆಲುವಾದದ್ದು, ಅರಿತುಕೊಂಡದ್ದು ಅದಕ್ಕಿಂತ ಚೆಲುವಾದದ್ದು, ನಮ್ಮ ಅರಿವಿಗೆ ಇನ್ನೂ ನಿಲುಕದಿರುವುದು ಎಲ್ಲಕ್ಕಿಂತ ಚೆಲುವಾದದ್ದು ಎಂಬುದು ಅದರ ಭಾವ. ಮೊಟ್ಟೆಯೊಳಗೆ ಇಣುಕಿದ ಕಣ್ಣು ದೇವರ ಕಡೆಗೆ ತಿರುಗಿದಾಗ, ಮೊದಲು ಕಂಡದ್ದನ್ನು ಸುಳ್ಳೆನ್ನಲಿಲ್ಲ.

ಪೊರೆಗಳ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಮನುಷ್ಯಭ್ರೂಣದ ಹಳದಿಯ ಚೀಲದಲ್ಲಿ ಹಳದಿಯೇ ಇಲ್ಲವೆನ್ನಬಹುದು; ಆದರೂ ನಮ್ಮ ಮೊದಲ ರಕ್ತಕಣಗಳು ಹುಟ್ಟಿದ್ದು ಅದರ ಗೋಡೆಯಲ್ಲಿ. 1910ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಡೇವಿಸ್ ಚರ್ಮದ ಗಾಯಗಳಿಗೆ ಭ್ರೂಣಪೊರೆಯನ್ನು ಹೊದಿಸಿ ನೋಡಿದನು. 1940ರಲ್ಲಿ ಅದನ್ನು ಕಣ್ಣಿನ ಚಿಕಿತ್ಸೆಗೆ ಬಳಸಲಾಯಿತು. ಇಂದು ನಮ್ಮ ದೇಶದಲ್ಲಿಯೂ ಕಣ್ಣಿಗೆ ಸುಟ್ಟಗಾಯವಾದಾಗ ವೈದ್ಯರು ಆಮ್ನಿಯಾನ್ ಪೊರೆಯನ್ನು ಹೊದಿಸುವುದುಂಟು. 1931ರಲ್ಲಿ ಗುಡ್‌ಪಾಸ್ಚರ್ ಮತ್ತು ಆಲಿಸ್ ವುಡ್‌ರಫ್ ಕೋಳಿಮೊಟ್ಟೆಯ ಪೊರೆಯ ಮೇಲೆ ವೈರಾಣುವನ್ನು ಬೆಳೆಸಿ ತೋರಿಸಿದರು. ಫ್ಲೂ ಜ್ವರದ ಲಸಿಕೆ ಮೊಟ್ಟೆಗಳಲ್ಲಿ ತಯಾರಾಗಲು ಅದು ದಾರಿಯಾಯಿತು. ಹೂಳಬೇಕಾದ ಕಸ ಹೀಗೆ ಎಷ್ಟೋ ಜನರ ಕಣ್ಣಿಗೆ, ಉಸಿರಿಗೆ ನೆರವಾಗಿದೆ.

139ನೆಯ ಕೀರ್ತನೆ ತಾಯಿಯ ಗರ್ಭದಲ್ಲಿ ನಡೆಯುವ ದೇವರ ಗುಪ್ತ ಕೈಕೆಲಸವನ್ನು ಕೊಂಡಾಡುತ್ತದೆ. ಆ ಕೈಕೆಲಸದಲ್ಲಿ ಮಗುವಷ್ಟೇ ಅಲ್ಲ, ಮಗುವಿಗಾಗಿ ಸವೆದು ಕಳಚಿಬೀಳುವ ಪೊರೆಯೂ ಸೇರಿದೆ. ಅದು ಬೀಳದೆ ಒಳಗೇ ಉಳಿದರೆ ತಾಯಿಯ ಪ್ರಾಣಕ್ಕೆ ಅಪಾಯ. ಕಾಪಾಡುವುದು ಎಷ್ಟು ಮುಖ್ಯವೋ ಹೊತ್ತು ಬಂದಾಗ ಬಿಟ್ಟುಕೊಡುವುದೂ ಅಷ್ಟೇ ಮುಖ್ಯ. ಮಕ್ಕಳನ್ನು ಬೆಳೆಸಿ ದೂರದ ಊರುಗಳಿಗೆ ಕಳುಹಿಸಿದ ತಂದೆತಾಯಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಹೊರಟುಹೋದ ನಾವು ನಮ್ಮನ್ನು ಹೊತ್ತವರನ್ನು ಏನೆಂದು ಕರೆಯುತ್ತಿದ್ದೇವೆ ಎಂಬುದು ನಮ್ಮ ನಮ್ಮ ಮನೆಗಳಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ.

ಮುಂದಿನ ಸಲ ಕೊಟ್ಟಿಗೆಯಲ್ಲಿ ‘ಕಸ ಬಿತ್ತೇ?’ ಎಂಬ ಮಾತು ಕೇಳಿದಾಗ, ಅದನ್ನು ಹೂಳುವ ಮುನ್ನ ಒಂದು ಕ್ಷಣ ನಿಂತು ನೋಡಿ. ನಾವೆಲ್ಲರೂ ಅಂಥದ್ದೊಂದು ಮನೆಯಿಂದಲೇ ಬಂದವರು.