ಚಂಬಲ್ ಕಣಿವೆಯ ಬಾಗಿಗಳು: ಹೋದ ದಾರಿ, ಬಂದ ದಾರಿ

ಚಂಬಲ್ ಕಣಿವೆಯ ದರೋಡೆಕೋರ ತನ್ನನ್ನು ‘ಡಾಕೂ’ ಎಂದು ಕರೆದುಕೊಳ್ಳುತ್ತಿರಲಿಲ್ಲ, ‘ಬಾಗಿ’ ಎನ್ನುತ್ತಿದ್ದ. ಬಾಗಿ ಎಂದರೆ ಬಂಡೆದ್ದವನು. ಕೊಲೆ, ಸುಲಿಗೆ, ಅಪಹರಣ ಎಲ್ಲವನ್ನೂ ಮಾಡಿದವನು ತನ್ನ ಕಣ್ಣಿಗೆ ತಾನು ಕಳ್ಳನಾಗಿರಲಿಲ್ಲ. ಹಿಂಸೆಯನ್ನು ಹೊಕ್ಕವರ ಮನಸ್ಸಿನ ಕೀಲಿಕೈ ಈ ಪದದಲ್ಲಿದೆ ಎಂದು ನನ್ನ ಎಣಿಕೆ.

ಅವರಲ್ಲಿ ಅನೇಕರ ಕಥೆ ಜಮೀನಿನ ವ್ಯಾಜ್ಯದಿಂದ ಮೊದಲಾಗುತ್ತದೆ. ದಾಯಾದಿ ಹೊಲವನ್ನು ಕಬಳಿಸಿದ, ಠಾಣೆ ಬಲಾಢ್ಯನ ಪಕ್ಷ ವಹಿಸಿತು, ಊರ ಮುಂದೆ ಮಾನ ಹೋಯಿತು, ಒಂದು ಕೊಲೆಯಾಯಿತು. ಆಮೇಲೆ ಕಣಿವೆಯ ಕೊರಕಲುಗಳೇ ಮನೆ, ಗುಂಪೇ ಬಂಧುಬಳಗ. ಹಿಂತಿರುಗಿದರೆ ನೇಣು ಇಲ್ಲವೇ ಹಗೆಯವನ ಗುಂಡು. ಮೊದಲ ಕೊಲೆಗೆ ಸಿಟ್ಟು ಕಾರಣವಾದರೆ, ಮುಂದಿನವುಗಳಿಗೆ ದಾರಿ ಮುಚ್ಚಿದ್ದೇ ಕಾರಣ.

ಆ ದಾರಿಯನ್ನು ಮೊದಲು ತೆರೆದವರು ವಿನೋಬಾ ಭಾವೆ. ಮಾನ್ ಸಿಂಗನ ಮಗ ತಹಸೀಲ್ದಾರ್ ಸಿಂಗ್ ಮರಣದಂಡನೆಗೆ ಗುರಿಯಾಗಿ ಸೆರೆಮನೆಯಲ್ಲಿದ್ದಾಗ ಅವರಿಗೆ ಪತ್ರ ಬರೆದ. 1960ರ ಮೇ ತಿಂಗಳಲ್ಲಿ ಭಿಂಡ್ ಸೀಮೆಯ ಪಾದಯಾತ್ರೆಯಲ್ಲಿ ಇಪ್ಪತ್ತು ಮಂದಿ ಅವರ ಮುಂದೆ ಬಂದೂಕು ಇಟ್ಟರು. ಪೊಲೀಸರಿಗೆ ಶರಣಾಗಲು ಒಲ್ಲದವರು ಸಂತನಿಗೆ ಶರಣಾದರು. ಅಲ್ಲಿ ಸೋಲಿನ ಅವಮಾನವಿರಲಿಲ್ಲ.

1971ರಲ್ಲಿ ಮಾಧೋ ಸಿಂಗ್ ಗುತ್ತಿಗೆದಾರನ ವೇಷದಲ್ಲಿ, ರಾಮ್ ಸಿಂಗ್ ಎಂಬ ಹೆಸರಿನಿಂದ ಪಟ್ನಾಕ್ಕೆ ಹೋಗಿ ಜಯಪ್ರಕಾಶ ನಾರಾಯಣರ ಬಾಗಿಲು ತಟ್ಟಿದ. ತಲೆಗೆ ಬಹುಮಾನ ಕಟ್ಟಿಸಿಕೊಂಡಿದ್ದವನು! ಜೆ.ಪಿ. ಸರಕಾರಗಳೊಡನೆ ಮಾತಾಡಿದರು: ಶಿಕ್ಷೆ ತಪ್ಪದು, ಆದರೆ ಗಲ್ಲು ಬೇಡ. 1972ರ ಏಪ್ರಿಲ್ 14ರಂದು ಜೌರಾದಲ್ಲಿ ಮೋಹರ್ ಸಿಂಗ್, ಮಾಧೋ ಸಿಂಗ್ ಮೊದಲಾದವರು ಗಾಂಧೀಜಿಯ ಭಾವಚಿತ್ರದ ಮುಂದೆ ಶಸ್ತ್ರ ಇಟ್ಟರು. ಆ ಜೌರಾದಲ್ಲಿ 1970ರಲ್ಲೇ ಮಹಾತ್ಮಾ ಗಾಂಧಿ ಸೇವಾಶ್ರಮವನ್ನು ಕಟ್ಟಿ, ಕಣಿವೆಯ ಜನರ ನಡುವೆ ನೆಲೆಸಿದ್ದವರು ಬೆಂಗಳೂರಿನಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾವ್. ಗಡಿಯಾಚೆಯ ಕನ್ನಡಿಗರಾದ ನಾವು ಈ ಹೆಸರನ್ನು ಇಷ್ಟು ಕಡಿಮೆ ನೆನೆಯುವುದು ವಿಚಿತ್ರ.

ಕೊಲೆಗಡುಕರಿಗೆ ಇಷ್ಟೊಂದು ಗೌರವವೇ ಎಂಬ ಆಕ್ಷೇಪ ಆಗಲೇ ಕೇಳಿಬಂತು. ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಣ್ಣುಮಕ್ಕಳ ಪಾಲಿಗೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಆದರೆ ಮಾನ ಹೋಯಿತೆಂದು ಬಂದೂಕು ಹಿಡಿದವನನ್ನು ಮತ್ತಷ್ಟು ಮಾನಗೆಡಿಸಿ ಬಂದೂಕು ಬಿಡಿಸಲಾಗದು ಎಂಬುದನ್ನು ಜೌರಾ ಕಂಡುಕೊಂಡಿತ್ತು.

ಶರಣಾದವರಲ್ಲಿ ಹಲವರು ಮುಂಗಾವಲಿಯ ಬಯಲು ಸೆರೆಮನೆಯಲ್ಲಿ ಬೇಸಾಯ ಮಾಡುತ್ತ ಶಿಕ್ಷೆ ಕಳೆದರು. ಮೋಹರ್ ಸಿಂಗ್ ಮುಂದೆ ಮೆಹಗಾಂವ್ ಪಟ್ಟಣದ ಆಡಳಿತದ ಅಧ್ಯಕ್ಷನಾದ. ಕಣಿವೆಯಲ್ಲಿ ಹೊಲದ ಜಗಳಗಳೂ ಠಾಣೆಯ ಪಕ್ಷಪಾತವೂ ಉಳಿದವು. ಹೊಸ ಬಾಗಿಗಳು ಹುಟ್ಟಿದರು. 1983ರ ಫೆಬ್ರವರಿಯಲ್ಲಿ ಭಿಂಡ್‌ನಲ್ಲಿ ಫೂಲನ್ ದೇವಿ ಬಂದೂಕು ಇಟ್ಟದ್ದು ಗಾಂಧೀಜಿ ಹಾಗೂ ದುರ್ಗೆಯ ಚಿತ್ರಗಳ ಮುಂದೆಯೇ.