ಒಂದೇ ಹೆಸರಿನ ಉಸ್ತಾದರು



ನಮ್ಮ ಬಾಗಲಕೋಟೆ ಜಿಲ್ಲೆಯ ಇತಿಹಾಸ ಓದುವವರಿಗೆ ಮೊದಲು ಎದುರಾಗುವ ತೊಡಕೆಂದರೆ ಹೆಸರುಗಳದು. ಕ್ರಿ.ಶ. 543ರಲ್ಲಿ ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದವನು ಪುಲಿಕೇಶಿ. ಕನೌಜಿನ ಹರ್ಷವರ್ಧನನನ್ನು ತಡೆದು ನಿಲ್ಲಿಸಿ, ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯಿಂದ ಹೊಗಳಿಸಿಕೊಂಡವನೂ ಪುಲಿಕೇಶಿ. ಒಬ್ಬ ಅಜ್ಜ, ಇನ್ನೊಬ್ಬ ಮೊಮ್ಮಗ. ವಿಜಾಪುರದ ಆದಿಲ್‌ಶಾಹಿ ಸುಲ್ತಾನರಲ್ಲಿಯೂ ಹಾಗೆಯೇ. 1534ರಿಂದ 1558ರವರೆಗೆ ಆಳಿದವನು ಒಬ್ಬ ಇಬ್ರಾಹಿಂ. 1580ರಿಂದ 1627ರವರೆಗೆ ಆಳಿ, ಸಂಗೀತಕ್ಕೆ ಮನಸೋತು, ಜನರಿಂದ ಜಗದ್ಗುರು ಎನಿಸಿಕೊಂಡವನು ಇನ್ನೊಬ್ಬ ಇಬ್ರಾಹಿಂ.

ಆದರೂ ನಾವು ಇವರನ್ನು ಗುರುತಿಸಬಲ್ಲೆವು. ಅರಸರ ಹೆಸರಿನ ಹಿಂದೆ ಇತಿಹಾಸಕಾರರು ಒಂದನೆಯ, ಎರಡನೆಯ ಎಂದು ಸಂಖ್ಯೆ ಹಚ್ಚಿದ್ದಾರೆ. ಕಲಿಸಿದ ಗುರುಗಳಿಗೆ ಅಂಥ ಸಂಖ್ಯೆಯನ್ನು ಯಾರು ಹಚ್ಚಿದ್ದಾರೆ? ಒಂದೇ ಹೆಸರಿನ ಇಬ್ಬರು ಉಸ್ತಾದರು ಇದ್ದರೆ ಕಾಲ ಕಳೆದಂತೆ ಅವರು ಒಬ್ಬರಾಗಿ ಬಿಡುತ್ತಾರೆ. ಹೆಚ್ಚು ಹೆಸರಾದವರ ಖಾತೆಗೆ ಇನ್ನೊಬ್ಬರ ದುಡಿಮೆಯೂ ಸೇರಿ ಹೋಗುತ್ತದೆ. ನಮ್ಮ ಉತ್ತರ ಕರ್ನಾಟಕಕ್ಕೆ ಹಿಂದೂಸ್ತಾನಿ ಸಂಗೀತವನ್ನು ತಂದುಕೊಟ್ಟ ಖಾನ್ ಸಾಹೇಬರ ವಿಷಯದಲ್ಲಿ ಈ ಗೊಂದಲ ಬಹಳ. ಅದನ್ನು ಬಿಡಿಸುವ ಒಂದು ಸಣ್ಣ ಪ್ರಯತ್ನ ಈ ಲೇಖನ.

ಶಿವಯೋಗ ಮಂದಿರ ಮತ್ತು ವಹೀದ್ ಖಾನ್

ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಮಲಪ್ರಭಾ ನದಿಯ ದಂಡೆಯ ಮೇಲೆ 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಅದನ್ನು ಸ್ಥಾಪಿಸಿದರು. ವೀರಶೈವ ಮಠಗಳಿಗೆ ಬೇಕಾದ ಸ್ವಾಮಿಗಳಿಗೆ ವಿದ್ಯೆ ಮತ್ತು ಸಾಧನೆಯ ತರಬೇತಿ ಕೊಡುವುದು ಅದರ ಉದ್ದೇಶ. 1867ರಲ್ಲಿ ಹುಟ್ಟಿದ ಕುಮಾರ ಸ್ವಾಮಿಗಳು 1930ರಲ್ಲಿ ತೀರಿಕೊಳ್ಳುವವರೆಗೂ ಶಾಲೆ, ಪಾಠಶಾಲೆ, ಪ್ರಸಾದ ನಿಲಯ ಎಂದು ಊರೂರು ತಿರುಗಿದವರು.

ಅವರ ಆಶ್ರಯಕ್ಕೆ ಬಂದ ಮಕ್ಕಳಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಗದಿಗಯ್ಯ ಎಂಬ ಹುಡುಗ ಒಬ್ಬ. 1892ರಲ್ಲಿ ಹುಟ್ಟಿದ ಈ ಹುಡುಗನಿಗೆ ಕಣ್ಣು ಕಾಣುತ್ತಿರಲಿಲ್ಲ, ಕಂಠ ಮಾತ್ರ ಚೆನ್ನಾಗಿತ್ತು. ಕುಮಾರ ಸ್ವಾಮಿಗಳು ಅವನಿಗೆ ಸಂಗೀತ ಕಲಿಸಲು ನಿಶ್ಚಯಿಸಿದರು. ಅವನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಊಟ, ವಸತಿ, ವಿದ್ಯೆ ಕೊಟ್ಟ ಅವರು 1944ರಲ್ಲಿ ತೀರಿಕೊಂಡರು.

ಗವಾಯಿಗಳು ಕರ್ನಾಟಕ ಸಂಗೀತವನ್ನೂ ಹಿಂದೂಸ್ತಾನಿ ಸಂಗೀತವನ್ನೂ ಕಲಿತವರು. ಅವರಿಗೆ ಹಿಂದೂಸ್ತಾನಿ ಸಂಗೀತ ಹೇಳಿಕೊಟ್ಟ ಗುರುಗಳಲ್ಲಿ ಉಸ್ತಾದ್ ವಹೀದ್ ಖಾನರ ಹೆಸರು ಬರುತ್ತದೆ. ಗವಾಯಿಗಳ ಚರಿತ್ರೆ ಬರೆದವರು ಈ ಗುರುವನ್ನು ಕಿರಾನಾ ಘರಾಣೆಯ ಅಬ್ದುಲ್ ವಹೀದ್ ಖಾನರೆಂದು ಗುರುತಿಸುತ್ತಾರೆ. ಮಠದ ಆಶ್ರಯದಲ್ಲಿ ಬೆಳೆದ ಅಂಧ ಬಾಲಕನಿಗೆ ಮುಸಲ್ಮಾನ ಉಸ್ತಾದರಿಂದ ವಿದ್ಯೆ ಕೊಡಿಸಲು ಕುಮಾರ ಸ್ವಾಮಿಗಳು ಹಿಂಜರಿಯಲಿಲ್ಲ. ಕಲಿಸಲು ಖಾನ್ ಸಾಹೇಬರೂ ಹಿಂಜರಿಯಲಿಲ್ಲ.

ಈಗ ಹೆಸರಿನ ಮಾತಿಗೆ ಬರೋಣ. ಅದೇ ಕಾಲಮಾನದಲ್ಲಿ ವಹೀದ್ ಖಾನ್ ಎಂಬ ಮತ್ತೊಬ್ಬ ದೊಡ್ಡ ಕಲಾವಿದರಿದ್ದರು. ಅವರು ಸಿತಾರ್ ಮತ್ತು ಸುರ್‌ಬಹಾರ್ ವಾದಕರು, ಇಮ್ದಾದ್ ಖಾನರ ಮಗ, ಪ್ರಸಿದ್ಧ ಸಿತಾರ್ ವಾದಕ ವಿಲಾಯತ್ ಖಾನರ ಚಿಕ್ಕಪ್ಪ. ಸತ್ಯಜಿತ್ ರಾಯ್ ಅವರ 1958ರ ‘ಜಲ್ಸಾಘರ್’ ಚಲನಚಿತ್ರದಲ್ಲಿ ವಾದನ ಮಾಡಿದವರು ಇವರೇ. ಕಿರಾನಾದ ಅಬ್ದುಲ್ ವಹೀದ್ ಖಾನರಾದರೋ ಗಾಯಕರು. ರಾಗವನ್ನು ಒಂದೊಂದೇ ಸ್ವರವಾಗಿ ನಿಧಾನವಾಗಿ ಬಿಡಿಸುವುದರಲ್ಲಿ ಅವರದು ಎತ್ತಿದ ಕೈ. ಕಿವಿ ಮಂದವಾಗಿದ್ದುದರಿಂದ ಜನ ಅವರನ್ನು ‘ಬೆಹರೆ’ ವಹೀದ್ ಖಾನ್, ಅಂದರೆ ಕಿವುಡ ವಹೀದ್ ಖಾನ್ ಎಂದು ಕರೆದರು. ಕಿವಿ ಮಂದವಾದವರು ಸ್ವರದ ಸೂಕ್ಷ್ಮಕ್ಕೆ ಹೆಸರಾದರು ಎಂಬುದನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅವರು 1949ರಲ್ಲಿ ತೀರಿಕೊಂಡರು.

ಇಬ್ಬರು ಅಬ್ದುಲ್ ಕರೀಂ ಖಾನರು

ಬೆಹರೆ ವಹೀದ್ ಖಾನರ ಬಂಧುಗಳೇ ಉಸ್ತಾದ್ ಅಬ್ದುಲ್ ಕರೀಂ ಖಾನರು. ಇಬ್ಬರ ಮೂಲವೂ ಈಗಿನ ಉತ್ತರ ಪ್ರದೇಶದ ಕೈರಾನಾ. ಘರಾಣೆಗೆ ಕಿರಾನಾ ಎಂಬ ಹೆಸರು ಬಂದುದು ಆ ಊರಿನಿಂದಲೇ. 1872ರಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದರು. ಅಲ್ಲಿಂದ ಮೈಸೂರು ಅರಮನೆಗೆ ಹೋಗಿ ಬರುವಾಗ ಹುಬ್ಬಳ್ಳಿ ಧಾರವಾಡ ಅವರ ದಾರಿಯಲ್ಲೇ ಇದ್ದವು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಅವರ ಶಿಷ್ಯರಾದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ ಕಲಿತರು. 1937ರಲ್ಲಿ ಪಾಂಡಿಚೇರಿಗೆ ಹೊರಟ ಖಾನ್ ಸಾಹೇಬರು ದಾರಿಯಲ್ಲಿ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ಇಳಿದು ಅಲ್ಲಿಯೇ ಪ್ರಾಣಬಿಟ್ಟರು. ಅವರ ಸಮಾಧಿ ಮಿರಜಿನ ಖ್ವಾಜಾ ಶಂಸುದ್ದೀನ್ ಮೀರಾ ಸಾಹೇಬರ ದರ್ಗಾದ ಆವರಣದಲ್ಲಿದೆ.

ಎರಡನೆಯ ಅಬ್ದುಲ್ ಕರೀಂ ಖಾನರು ಧಾರವಾಡದವರು. ಅವರು ಗಾಯಕರಲ್ಲ, ಸಿತಾರ್ ಗುರುಗಳು. ತಂದೆಯಿಂದ ಕಲಿತು, ತಮ್ಮ ಮಕ್ಕಳಿಗೆ ಕಲಿಸಿ, ಆ ವಿದ್ಯೆಯನ್ನು ಮೂರನೆಯ ತಲೆಮಾರಿಗೆ ದಾಟಿಸಿದವರು. ಮೊದಲನೆಯವರ ಧ್ವನಿಮುದ್ರಿಕೆಗಳು ಇಂದಿಗೂ ಕೇಳಸಿಗುತ್ತವೆ. ಎರಡನೆಯವರನ್ನು ಹುಡುಕಬೇಕಾದರೆ ಅವರ ಶಿಷ್ಯರ ಬೆರಳುಗಳನ್ನೇ ನೋಡಬೇಕು. ಇವರು ಯಾರ ಮಗನೆಂದು ಹೇಳಿದರೆ ಮೂರನೆಯ ಗೊಂದಲ ಶುರುವಾಗುತ್ತದೆ.

ಮೂವರು ರಹಿಮತ್ ಖಾನರು

ಧಾರವಾಡದ ಅಬ್ದುಲ್ ಕರೀಂ ಖಾನರ ತಂದೆ ಸಿತಾರ್ ರತ್ನ ರಹಿಮತ್ ಖಾನರು. ಬೀನ್‌ಕಾರ ಬಂದೇ ಅಲಿ ಖಾನರ ಪರಂಪರೆಯ ಇವರು ಉತ್ತರದಿಂದ ಬಂದು ಧಾರವಾಡದಲ್ಲಿ ನೆಲೆ ನಿಂತು, ಸಿತಾರ್ ಎಂದರೆ ಏನೆಂದು ಈ ಭಾಗದವರಿಗೆ ತೋರಿಸಿಕೊಟ್ಟರು. ಹಾಡುಗಾರಿಕೆಯ ನಡೆಯನ್ನು ತಂತಿಯ ಮೇಲೆ ತರುವುದು ಅವರ ಮನೆತನದ ವಿಶೇಷ. ಅವರು ತೀರಿಕೊಂಡುದು 1954ರಲ್ಲಿ.

ಇವರಿಗಿಂತ ಹಿರಿಯರಾದ ಇನ್ನೊಬ್ಬ ರಹಿಮತ್ ಖಾನರಿದ್ದರು. ಗ್ವಾಲಿಯರಿನ ಹದ್ದೂ ಖಾನರ ಮಗ, ಗಾಯಕರು, ‘ಭೂಗಂಧರ್ವ’ ಎಂದು ಹೆಸರಾದವರು. ಸರ್ಕಸ್ ಕಂಪನಿ ನಡೆಸುತ್ತಿದ್ದ ವಿಷ್ಣುಪಂತ ಛತ್ರೆಯವರು, ತಾವು ಹದ್ದೂ ಖಾನರಲ್ಲಿ ಕಲಿತಿದ್ದ ಋಣಕ್ಕಾಗಿ, ಗುರುವಿನ ಈ ಮಗನನ್ನು ತಮ್ಮೊಂದಿಗೆ ಇರಿಸಿಕೊಂಡು ಜೋಪಾನ ಮಾಡಿದರು. ಅವರ ಕೊನೆಯ ಕಾಲ ಕೃಷ್ಣಾ ನದಿಯ ದಂಡೆಯ ಕುರುಂದವಾಡದಲ್ಲಿ ಕಳೆಯಿತು. 1922ರಲ್ಲಿ ಅವರು ತೀರಿಕೊಂಡರು.

ಮೂರನೆಯವರು ಛೋಟೆ ರಹಿಮತ್ ಖಾನರು. ಸಿತಾರ್ ರತ್ನರ ಮೊಮ್ಮಗ. ಅಜ್ಜನ ಹೆಸರನ್ನೇ ಇಟ್ಟುಕೊಂಡು ಅಜ್ಜನ ವಾದ್ಯವನ್ನೇ ನುಡಿಸಿದವರು, ಗೋವಾದಲ್ಲಿ ಸಿತಾರ್ ಕಲಿಸಿದವರು. ಇವರ ಸೋದರರಲ್ಲಿ ಒಬ್ಬರಾದ ಉಸ್ತಾದ್ ಬಾಲೇ ಖಾನರು (1942–2007) ಧಾರವಾಡದ ಸಿತಾರಿಗೆ ದೇಶದ ತುಂಬ ಹೆಸರು ತಂದರು.

ಈ ಮೂವರನ್ನು ಬೆರೆಸಿದರೆ ಏನಾಗುತ್ತದೆ ನೋಡಿರಿ. 1922ರಲ್ಲಿ ತೀರಿಕೊಂಡ ಗಾಯಕರು 1940ರ ದಶಕದಲ್ಲಿ ಧಾರವಾಡದಲ್ಲಿ ಸಿತಾರ್ ಕಲಿಸಿದಂತಾಗುತ್ತದೆ! ಹೀಗೆ ಬರೆದುದನ್ನು ಓದಿದ ಯಾರಾದರೂ ಇದೆಲ್ಲ ಕಟ್ಟುಕಥೆ ಎಂದು ತಳ್ಳಿಹಾಕಬಹುದು. ಆಗ ನಷ್ಟವಾಗುವುದು ಯಾರಿಗೆ? ನಮ್ಮ ಊರಿನ ಸಿತಾರ್ ಗುರುಗಳಿಗೆ. ಅವರು ನಿಜವಾಗಿ ಮಾಡಿದ ಕೆಲಸವೇ ಸಂಶಯಕ್ಕೆ ಗುರಿಯಾಗುತ್ತದೆ.

ಹೆಸರು ಏಕೆ ಮರಳಿ ಮರಳಿ ಬರುತ್ತದೆ?

ಇದಕ್ಕೆ ಕಾರಣಗಳು ಸರಳ. ಮೊದಲನೆಯದು, ನಮ್ಮಲ್ಲಿ ಅಲ್ಲಾಹನ ಗುಣನಾಮಗಳ ಜೊತೆ ‘ಅಬ್ದ್’ ಸೇರಿಸಿ ಮಕ್ಕಳಿಗೆ ಹೆಸರಿಡುವ ರೂಢಿ. ಅಬ್ದುಲ್ ಕರೀಂ ಎಂದರೆ ಉದಾರಿಯಾದವನ ದಾಸ, ಅಬ್ದುಲ್ ವಾಹಿದ್ ಎಂದರೆ ಏಕೈಕನ ದಾಸ. ಈ ಅಬ್ದುಲ್ ವಾಹಿದ್ ನಮ್ಮ ಬಾಯಲ್ಲಿ ಅಬ್ದುಲ್ ವಹೀದ್ ಆಗಿದೆ. ರಹಿಮತ್ ಎಂದರೆ ಕರುಣೆ. ಎರಡನೆಯದು, ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು. ಇದು ಅನೇಕ ಸಮಾಜಗಳಲ್ಲಿ ಇದೆ, ಪುಲಿಕೇಶಿಯ ಮನೆತನದಲ್ಲಿಯೂ ಇತ್ತು. ಮೂರನೆಯದು, ‘ಖಾನ್’ ಎಂಬುದು ಮಧ್ಯ ಏಷ್ಯಾದ ತುರ್ಕರು ಮತ್ತು ಮಂಗೋಲರಲ್ಲಿ ಒಡೆಯನಿಗೆ ಇದ್ದ ಬಿರುದು. ಭಾರತದಲ್ಲಿ ಅದು ಗೌರವ ಸೂಚಕವಾಗಿ, ಕ್ರಮೇಣ ಅನೇಕ ಕಲಾವಿದರ ಹೆಸರಿನ ಕೊನೆಯಲ್ಲಿ ನಿಂತಿತು. ಆದ್ದರಿಂದ ಇಬ್ಬರು ಖಾನರೆಂದ ಮಾತ್ರಕ್ಕೆ ಅವರು ಒಂದೇ ಕುಲದವರು ಎಂದು ತಿಳಿಯಬಾರದು. ಮಲ್ಲಿಕಾರ್ಜುನ ಮನಸೂರರಿಗೆ ಕಲಿಸಿದ ಮಂಜೀ ಖಾನ್ ಮತ್ತು ಭುರ್ಜೀ ಖಾನ್ ಸೋದರರು ಜಯಪುರ ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಕ್ಕಳು. ಕಿರಾನಾದ ಖಾನರ ಮನೆತನವೇ ಬೇರೆ, ಇವರ ಮನೆತನವೇ ಬೇರೆ.

ಇದು ಮುಸಲ್ಮಾನರ ಹೆಸರುಗಳಿಗೆ ಮಾತ್ರ ಅಂಟಿದ ತೊಡಕೂ ಅಲ್ಲ. ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಗಾಯಕ ಬಸವರಾಜ ರಾಜಗುರು ಒಬ್ಬರು, ಮಲ್ಲಿಕಾರ್ಜುನ ಮನಸೂರರ ಅಣ್ಣನಾದ ರಂಗನಟ ಬಸವರಾಜ ಮನಸೂರ ಇನ್ನೊಬ್ಬರು. ನಮ್ಮ ಇಳಕಲ್ಲಿನಲ್ಲಿ ಒಂದೇ ತರಗತಿಯಲ್ಲಿ ಇಬ್ಬರು ಮುರ್ತುಜಾ, ಇಬ್ಬರು ಮಹಾಂತೇಶ ಕುಳಿತಿದ್ದರೆ ಯಾರಿಗೂ ಆಶ್ಚರ್ಯವಾಗದು. ಒಂದು ದರ್ಗಾದ ಪ್ರೀತಿ, ಇನ್ನೊಂದು ಮಠದ ಪ್ರೀತಿ.

ಹಿರಿಯರು ಕಂಡುಕೊಂಡ ಉಪಾಯ

ಒಂದೇ ಹೆಸರಿನವರನ್ನು ಬೇರ್ಪಡಿಸುವುದನ್ನು ನಮ್ಮ ಹಿರಿಯ ವಿದ್ವಾಂಸರು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದರು. ಹದೀಸ್ ಹೇಳಿದವರು ಯಾರು, ಅವರು ನಂಬಿಕೆಗೆ ಅರ್ಹರೇ ಎಂದು ಪರೀಕ್ಷಿಸುವಾಗ ಒಂದೇ ಹೆಸರಿನ ಇಬ್ಬರು ಬಂದರೆ ಕಷ್ಟ. ಒಬ್ಬರು ಪ್ರಾಮಾಣಿಕರು, ಇನ್ನೊಬ್ಬರು ನೆನಪಿನ ಶಕ್ತಿ ಕಡಿಮೆ ಇದ್ದವರು ಆಗಿರಬಹುದು. ಅದಕ್ಕಾಗಿ ಅವರು ವ್ಯಕ್ತಿಯ ಸ್ವಂತ ಹೆಸರಿನ ಜೊತೆಗೆ ತಂದೆ ತಾತಂದಿರ ಹೆಸರು, ಮಕ್ಕಳಿಂದ ಬಂದ ಕುನ್ಯತ್, ಊರು ಅಥವಾ ಕುಲ ತಿಳಿಸುವ ನಿಸ್ಬತ್, ಬಿರುದು ಇಲ್ಲವೆ ಅಡ್ಡಹೆಸರಾದ ಲಕಬ್, ಇವನ್ನೆಲ್ಲ ದಾಖಲಿಸಿದರು. ಬಗ್ದಾದಿನ ವಿದ್ವಾಂಸ ಖತೀಬ್ ಅಲ್ ಬಗ್ದಾದಿ (ಕ್ರಿ.ಶ. 1002–1071) ಒಂದೇ ಹೆಸರಿನ ಬೇರೆ ಬೇರೆ ವ್ಯಕ್ತಿಗಳ ಬಗ್ಗೆಯೇ ‘ಅಲ್ ಮುತ್ತಫಿಕ್ ವಲ್ ಮುಫ್ತರಿಕ್’ ಎಂಬ ಗ್ರಂಥ ಬರೆದರು. ಒಬ್ಬನ ಮಾತನ್ನು ಇನ್ನೊಬ್ಬನ ಹೆಸರಿಗೆ ಬರೆಯುವುದು ಅವರ ದೃಷ್ಟಿಯಲ್ಲಿ ಸಣ್ಣ ದೋಷವಾಗಿರಲಿಲ್ಲ.

ನಮ್ಮ ಉಸ್ತಾದರ ವಿಷಯದಲ್ಲಿ ಜನರು ತಿಳಿಯದೆಯೇ ಇದೇ ಕೆಲಸ ಮಾಡಿದ್ದಾರೆ. ಬೆಹರೆ, ಭೂಗಂಧರ್ವ, ಸಿತಾರ್ ರತ್ನ, ಛೋಟೆ, ಇವೆಲ್ಲ ಲಕಬ್‌ಗಳೇ. ಕಿರಾನಾ ಎಂಬುದು ನಿಸ್ಬತ್ ಇದ್ದಂತೆ. ಬರೆಯುವಾಗ ನಾವು ಇವನ್ನು ಬಿಟ್ಟು ಬರಿಯ ‘ಖಾನ್ ಸಾಹೇಬರು’ ಎಂದರೆ ಜನ ಉಳಿಸಿಕೊಟ್ಟ ಗುರುತನ್ನು ಅಳಿಸಿದಂತೆ.

ನಾವು ಮಾಡಬೇಕಾದ ಕೆಲಸ

ವಿದ್ಯಾರ್ಥಿ ಮಿತ್ರರೇ, ಇದರಿಂದ ನಮಗೇನು ಎಂದು ನೀವು ಕೇಳಬಹುದು. ಶಿಕ್ಷಣದಲ್ಲಿ ಹಿಂದುಳಿದ ಸಮಾಜ ಎಂದು ನಮ್ಮನ್ನು ಆಗಾಗ ಕರೆಯುತ್ತಾರೆ. ಅದರಲ್ಲಿ ಸತ್ಯವಿದೆ, ಅದನ್ನು ಸರಿಪಡಿಸುವುದಕ್ಕಾಗಿಯೇ ನಮ್ಮದರಂಥ ಸಂಸ್ಥೆಗಳು ಹುಟ್ಟಿವೆ. ಆದರೆ ಈ ನೆಲದಲ್ಲಿ ಕಲಿಸುವವರ ಸಾಲಿನಲ್ಲಿಯೂ ನಮ್ಮವರು ಕುಳಿತಿದ್ದರು. ಪಂಚಾಕ್ಷರಿ ಗವಾಯಿಗಳ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳನ್ನು ಕಲಾವಿದರನ್ನಾಗಿ ಮಾಡಿದರು. ಆ ವಿದ್ಯೆಯ ಒಂದು ಬೇರು ಶಿವಯೋಗ ಮಂದಿರದ ಮೂಲಕ ಒಬ್ಬ ಖಾನ್ ಸಾಹೇಬರವರೆಗೆ ಹೋಗುತ್ತದೆ. ಯಾವ ಖಾನ್ ಸಾಹೇಬರು ಎಂದು ಸ್ಪಷ್ಟವಾಗಿ ಹೇಳಬಲ್ಲವರಾದರೆ ಮಾತ್ರ ನಮ್ಮ ಅಭಿಮಾನಕ್ಕೆ ಬೆಲೆ.

ಆದ್ದರಿಂದ ಒಂದು ಕೆಲಸ ಮಾಡಿರಿ. ನಿಮ್ಮ ಊರಿನಲ್ಲಿ ಅಕ್ಷರ, ಕುರ್‌ಆನ್ ಪಠಣ, ನೇಯ್ಗೆ, ಸಂಗೀತ, ಯಾವುದನ್ನೇ ಕಲಿಸಿದ ಹಿರಿಯರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಪೂರ್ತಿ ಹೆಸರು, ತಂದೆಯ ಹೆಸರು, ಊರು, ಜನ ಕರೆಯುತ್ತಿದ್ದ ಹೆಸರು, ಕಲಿಸಿದ ವಿದ್ಯೆ, ಕಲಿಸಿದ ವರ್ಷಗಳು, ಒಬ್ಬಿಬ್ಬರು ಶಿಷ್ಯರ ಹೆಸರು, ಇಷ್ಟಿದ್ದರೆ ಸಾಕು. ಹುಡುಗಿಯರಿಗೆ ಮನೆಯಲ್ಲಿಯೇ ಕಲಿಸಿದ ಆಪಾಗಳನ್ನು ಮರೆಯಬೇಡಿರಿ. ‘ಫಲಾನಾ ಅಮ್ಮಾ’ ಎಂದಷ್ಟೇ ನೆನಪಿನಲ್ಲಿರುವ ಅವರ ಸ್ವಂತ ಹೆಸರನ್ನು ಕೇಳಿ ತಿಳಿದವರು ಇರುವಾಗಲೇ ಬರೆದುಕೊಳ್ಳಿರಿ.

ಅರಸರ ಹೆಸರನ್ನು ಬಂಡೆಗಲ್ಲು ಕಾಯ್ದುಕೊಂಡು ಬಂದಿದೆ. ಗುರುಗಳ ಹೆಸರನ್ನು ಕಾಯಬೇಕಾದವರು ಅವರಿಂದ ಕಲಿತವರು. ಆ ಹೆಸರು ಸರಿಯಾಗಿ ಮುಂದಿನವರಿಗೆ ಮುಟ್ಟುವಂತೆ ಮಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.