ಮಿಠಿಯ ಅಳಿವೆ: ಮುಚ್ಚಿದವರು, ಕಾದವರು



'ಅಳಿವೆ' ಎಂಬ ಪದವನ್ನು ನಮ್ಮಲ್ಲಿ ಬಹಳ ಮಂದಿ ಊರಿನಿಂದಲೇ ಕಟ್ಟಿಕೊಂಡು ಬಂದವರು. ನೇತ್ರಾವತಿ-ಗುರುಪುರ ನದಿಗಳು ಮಂಗಳೂರಿನ ಬೆಂಗರೆಯಲ್ಲಿ ಕಡಲು ಸೇರುವ ಜಾಗ, ದೋಣಿಯವರು ಉಬ್ಬರ-ಇಳಿತ ನೋಡಿಕೊಂಡು ದಾಟುವ ಅಳಿವೆ ಬಾಗಿಲು ಅವರಿಗೆ ಗೊತ್ತು. ಆದರೆ ಮುಂಬಯಿಯ ಅಳಿವೆ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಮಾಹಿಮ್ ಸ್ಟೇಷನ್ ಬಿಟ್ಟು ಬಾಂದ್ರಾ ಬರುವ ಮೊದಲು ಲೋಕಲ್ ಗಾಡಿಯಲ್ಲಿ ಎಲ್ಲರೂ ಕರವಸ್ತ್ರ ಮೂಗಿಗೆ ಹಿಡಿಯುತ್ತಾರಲ್ಲ, ಅದೇ ಅದು. ಮಿಠಿ ನದಿಯ ಅಳಿವೆ.

ಹೆಸರು ನೋಡಿ ಎಷ್ಟು ಸೊಗಸು! ಹಿಂದಿಯವರಿಗೆ 'ಮೀಠಾ' ಎಂದರೆ ಸಿಹಿ, ಮರಾಠಿಯವರಿಗೆ 'ಮೀಠ' ಎಂದರೆ ಉಪ್ಪು. ಅಳಿವೆಯ ನೀರಿಗೆ ಎರಡೂ ಸಲ್ಲುತ್ತದೆ.

ಚೆಂಬೂರಿನವರಿಗೂ ಈ ಕಥೆಗೂ ಏನು ಸಂಬಂಧ ಎನ್ನಬೇಡಿ. ಹಳೆಯ ಬೊಂಬಾಯಿ ದ್ವೀಪಗಳಿಗೂ ಸಾಲ್ಸೆಟ್ ದ್ವೀಪಕ್ಕೂ ನಡುವೆ ಪಶ್ಚಿಮದಲ್ಲಿ ಮಾಹಿಮ್ ಖಾಡಿ, ಪೂರ್ವದಲ್ಲಿ ಸಯನ್ ಕಡೆಯ ಖಾಡಿ ಹರಡಿಕೊಂಡಿದ್ದವು. ಟ್ರಾಂಬೆಯೂ ಒಂದು ದ್ವೀಪವೇ. ಅದರ ವಾಯವ್ಯ ತುದಿಯೇ ನಮ್ಮ ಚೆಂಬೂರು. ಚೆಂಬೂರಿಗೂ ವಡಾಲಕ್ಕೂ ನಡುವಿನ ಮಾಹುಲ್ ಖಾಡಿ ಆ ನೀರಿನ ಉಂಗುರದಲ್ಲಿ ಉಳಿದಿರುವ ಒಂದು ತುಂಡು.

ಈ ಉಂಗುರವನ್ನು ಒಂದೇ ದಿನದಲ್ಲಿ ಯಾರೂ ಮುರಿಯಲಿಲ್ಲ. ಗವರ್ನರ್ ಡಂಕನ್ ಕಾಲದಲ್ಲಿ, 1805ರ ಹೊತ್ತಿಗೆ, ಸಯನ್ ಸೇತುಹಾದಿ ಮುಗಿಯಿತು. ಮಾಹಿಮ್ ಮತ್ತು ಬಾಂದ್ರಾಗಳ ನಡುವೆ ದೋಣಿಯಲ್ಲೇ ದಾಟಬೇಕಿದ್ದ ಜನರ ಕಷ್ಟ ನೋಡಿ ಲೇಡಿ ಜಮ್ಶೆಟ್‌ಜಿ ತಮ್ಮ ಕೈಯಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ರೂಪಾಯಿ ಕೊಟ್ಟರು, 1845ರಲ್ಲಿ ಮಾಹಿಮ್ ಕಾಸ್‌ವೇ ತೆರೆಯಿತು. ಪುಣ್ಯದ ಕೆಲಸವೇ, ಅನುಮಾನವಿಲ್ಲ. ಆದರೆ ಅಳಿವೆಯ ಬಾಯಿ ಸಣ್ಣದಾಯಿತು. ಮೇಲ್ಗಡೆ 1860ರಲ್ಲಿ ವಿಹಾರ್, 1891ರಲ್ಲಿ ಪೊವಾಯಿ ಕೆರೆಗಳು ಕಟ್ಟಿ ಮುಗಿದವು. ಅಂದಿನಿಂದ ಮಿಠಿ ಎಂದರೆ ಆ ಕೆರೆಗಳು ತುಂಬಿ ಹೊರಚೆಲ್ಲಿದ ನೀರು. ಸುಮಾರು 18 ಕಿಲೋಮೀಟರ್ ಹರಿದು ಮಾಹಿಮಿಗೆ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಅದರಲ್ಲಿ ಹರಿಯುವುದು ಬಹುಪಾಲು ನಮ್ಮ ಮನೆಗಳ, ಕಾರ್ಖಾನೆಗಳ ಕೊಳಚೆಯೇ.

ನಂತರ ನದಿಯನ್ನು ವಿಮಾನ ನಿಲ್ದಾಣದ ರನ್‌ವೇ ಬಳಿ ಮೊಣಕೈಯಂತೆ ತಿರುಗಿಸಿದರು. 1970ರ ದಶಕದ ಕೊನೆಯಿಂದ ಎರಡೂ ದಡದ ಜೌಗು ತುಂಬಿಸಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎದ್ದಿತು. ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುವ ನಮ್ಮ ಎಷ್ಟೋ ಕೇಳುಗರ ಕುರ್ಚಿಯ ಕೆಳಗೆ ಒಂದು ಕಾಲದಲ್ಲಿ ಏಡಿ ಓಡಾಡುತ್ತಿತ್ತು! ಪೂರ್ವದ ಕಡೆಯೂ ಬೇರೆ ಕಥೆಯಲ್ಲ. ಕುರ್ಲಾ-ಚೆಂಬೂರು ರೈಲು ಹಳಿ ಬಂದದ್ದು 1906ರಲ್ಲಿ, ಪ್ರಯಾಣಿಕರಿಗೆ ತೆರೆದದ್ದು 1924ರಲ್ಲಿ. ಪಟ್ಟಣದ ಕಸ ಹೊತ್ತ ಕಚ್ರಾ ಗಾಡಿಗಳು ಈ ಕಡೆಯ ಜೌಗಿಗೆ ಬರುತ್ತಿದ್ದವು. 1950ರ ದಶಕದಲ್ಲಿ ಮಾಹುಲ್‌ನಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಗಳು ಬಂದವು.

ಬಾಯಿ ಕಿರಿದಾದರೆ ಏನಾಗುತ್ತದೆ? ಅಳಿವೆ ದಿನಕ್ಕೆರಡು ಬಾರಿ ಉಸಿರಾಡುತ್ತದೆ. ಉಬ್ಬರದ ನೀರು ಒಳಗೆ ಬಂದು ಹರಡಿಕೊಳ್ಳಬೇಕು, ಇಳಿತದಲ್ಲಿ ಹೂಳು ಎಳೆದುಕೊಂಡು ಹೊರಗೆ ಹೋಗಬೇಕು. ದಡದ ಕಾಂಡ್ಲಾ ಗಿಡಗಳು ನೆಲದಿಂದ ಮೇಲಕ್ಕೆ ಚಾಚಿದ ಬೇರುಗಳಲ್ಲಿ ಕೆಸರು ಹಿಡಿದಿಡುತ್ತವೆ, ಮೀನು-ಸಿಗಡಿಯ ಮರಿಗಳು ಅಲ್ಲೇ ಬೆಳೆಯುತ್ತವೆ. ಹರಡಲು ಜಾಗವಿಲ್ಲದಿದ್ದರೆ ನೀರು ತಾನೇ ಜಾಗ ಹುಡುಕಿಕೊಳ್ಳುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಅದು ಕುರ್ಲಾ, ಕಲೀನಾಗಳಲ್ಲಿ ಹುಡುಕಿಕೊಂಡಿತು. ಉಬ್ಬರವೂ ಅದೇ ಮಧ್ಯಾಹ್ನ ಬಂದಿತ್ತು. ಆ ರಾತ್ರಿಯನ್ನು ನಿಮಗೆ ನೆನಪಿಸಬೇಕಾಗಿಲ್ಲ.

ಪ್ರವಾಹದ ನಂತರ ಸರಕಾರ ಅದೇ ಆಗಸ್ಟ್‌ನಲ್ಲಿ ಮಿಠಿಗೊಂದು ಪ್ರಾಧಿಕಾರ ರಚಿಸಿತು. ಮಾಧವರಾವ್ ಚಿತಳೆ ಸಮಿತಿ ವರದಿ ಕೊಟ್ಟಿತು. ನದಿಯನ್ನು ಅಗಲ ಮಾಡಿದರು, ಆಳ ಮಾಡಿದರು, ಇಕ್ಕೆಲಗಳಲ್ಲಿ ಕಾಂಕ್ರೀಟ್ ಗೋಡೆ ಎಬ್ಬಿಸಿದರು. ನೆರೆನೀರು ಬೇಗ ಹೋಗಲು ಅದು ಬೇಕಿತ್ತು, ಒಪ್ಪೋಣ. ಆದರೆ ಗೋಡೆಯ ನಡುವೆ ಓಡುವ ನೀರನ್ನು ಅಳಿವೆ ಎನ್ನಲಾಗದು. ಅದು ದೊಡ್ಡ ಗಟಾರ. ಹೂಳೆತ್ತುವ ಕೆಲಸದ ಲೆಕ್ಕವಂತೂ ಪೊಲೀಸ್ ಠಾಣೆಗೇ ಹೋಯಿತು. ಸುಮಾರು 65 ಕೋಟಿ ರೂಪಾಯಿಯ ಅವ್ಯವಹಾರದ ಆರೋಪದ ಮೇಲೆ 2025ರ ಮೇ ತಿಂಗಳಲ್ಲಿ ಮುಂಬಯಿ ಪೊಲೀಸರು ಎಫ್‌ಐಆರ್ ದಾಖಲಿಸಿದರು.

ಹಾಗಾದರೆ ಅಳಿವೆಯಲ್ಲಿ ಇಂದು ಹಸಿರಾಗಿ ಉಳಿದಿರುವುದು ಯಾವುದು, ಅದನ್ನು ಉಳಿಸಿದವರು ಯಾರು? ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಇದು.

ಮೊದಲ ಉತ್ತರ ಧಾರಾವಿಯ ಅಂಚಿನಲ್ಲಿದೆ. ಸಯನ್-ಬಾಂದ್ರಾ ಲಿಂಕ್ ರೋಡಿನಲ್ಲಿ, ಮಿಠಿಯ ದಡದಲ್ಲಿ, 1970ರ ದಶಕದವರೆಗೂ ಪಟ್ಟಣದ ಕಸ ಸುರಿಯುತ್ತಿದ್ದ ಗುಡ್ಡೆಯಿತ್ತು. ಅಲ್ಲಿ ಕಾಡು ಬೆಳೆಸೋಣ ಎಂದು ವಿಶ್ವ ವನ್ಯಜೀವಿ ನಿಧಿಯ ಭಾರತ ಶಾಖೆಯವರು ಹೇಳಿದಾಗ ನಗುವವರೇ ಹೆಚ್ಚಿದ್ದಿರಬೇಕು. ಕಸದ ಮೇಲೆ ಮಣ್ಣು ಹರಡಿ ಗಿಡ ನೆಟ್ಟು, 1994ರ ಏಪ್ರಿಲ್ 22ರಂದು, ಭೂಮಿ ದಿನ, ಅದನ್ನು ಜನರಿಗೆ ತೆರೆದರು. ಇಂದಿನ ಮಹಾರಾಷ್ಟ್ರ ನೇಚರ್ ಪಾರ್ಕ್, ಸುಮಾರು 37 ಎಕರೆ. ಸಾವಿರಾರು ಶಾಲಾಮಕ್ಕಳು ಗಿಡ, ಚಿಟ್ಟೆ, ಹಕ್ಕಿಗಳ ಪರಿಚಯ ಮಾಡಿಕೊಂಡದ್ದು ಆ ಹಳೆಯ ಕಸದ ಮೇಲೆಯೇ. ಧಾರಾವಿ ಪುನರಭಿವೃದ್ಧಿ ಯೋಜನೆ ಈ ಕಾಡನ್ನೂ ನುಂಗುತ್ತದೆಯೇ ಎಂಬ ಆತಂಕ ಎದ್ದಾಗ ಹೈಕೋರ್ಟಿನ ಬಾಗಿಲು ತಟ್ಟಿದ್ದೂ ನಾಗರಿಕ ಸಂಘಟನೆಯೇ. ಪಾರ್ಕು ಯೋಜನೆಯಿಂದ ಹೊರಗಿದೆ ಎಂದು 2023ರಲ್ಲಿ ಅಧಿಕಾರಿಗಳು ನ್ಯಾಯಾಲಯಕ್ಕೆ ತಿಳಿಸಿದರು.

ಎರಡನೆಯ ಉತ್ತರ ಕಾನೂನಿನದು. ಕಾಂಡ್ಲಾ ಗಿಡ ಕಡಿದು, ಮಣ್ಣು ತುಂಬಿ, ಜೋಪಡಿಯನ್ನೋ ಬಂಗಲೆಯನ್ನೋ ಎಬ್ಬಿಸುವುದು ಇಲ್ಲಿ ಬಹುಕಾಲ ನಡೆದ ವ್ಯಾಪಾರ. ಬಾಂಬೆ ಎನ್ವಿರಾನ್ಮೆಂಟಲ್ ಆಕ್ಷನ್ ಗ್ರೂಪ್ 2004ರಲ್ಲಿ ಹೈಕೋರ್ಟಿಗೆ ಹೋಯಿತು. 2005ರ ಅಕ್ಟೋಬರ್ 6ರಂದು ನ್ಯಾಯಾಲಯ ರಾಜ್ಯದಾದ್ಯಂತ ಕಾಂಡ್ಲಾ ನಾಶಕ್ಕೆ ತಡೆ ಹಾಕಿತು, ಅದರ ಸುತ್ತ 50 ಮೀಟರ್ ಒಳಗೆ ಕಟ್ಟಡ ಕೂಡದು ಎಂದಿತು. ಅಂತಿಮ ತೀರ್ಪು ಬರಲು 2018ರ ಸೆಪ್ಟೆಂಬರ್ ಆಯಿತು. ಹದಿನಾಲ್ಕು ವರ್ಷ! ಅಷ್ಟು ಕಾಲ ಬಿಡದೆ ಫೈಲು ಹಿಡಿದು ಓಡಾಡಿದವರಿಗೆ ಯಾವ ವೇದಿಕೆಯಲ್ಲೂ ಶಾಲು ಹೊದಿಸಿದ್ದು ನಾನು ಕಂಡಿಲ್ಲ. 2012ರಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆಯಲ್ಲಿ ಕಾಂಡ್ಲಾಗೆಂದೇ ಪ್ರತ್ಯೇಕ ವಿಭಾಗ ಬಂತು.

ಮೂರನೆಯವರು ಕೈ ಕೆಸರು ಮಾಡಿಕೊಂಡವರು. 2015ರ ಅಕ್ಟೋಬರ್‌ನಲ್ಲಿ ವರ್ಸೋವಾ ಕಡಲತೀರದಲ್ಲಿ ಕಸ ಹೆಕ್ಕಲು ಶುರುಮಾಡಿದ ವಕೀಲ ಅಫ್ರೋಜ್ ಷಾ ಮತ್ತು ಅವರ ಜೊತೆಗಾರರು ಮುಂದೆ ಮಿಠಿಯ ಮೇಲ್ಭಾಗಕ್ಕೂ, ಪೊವಾಯಿ ಬಳಿಯ ಫಿಲ್ಟರ್‌ಪಾಡಾಕ್ಕೂ ಬಂದರು. 2017ರಿಂದ ಮಾಹಿಮ್ ಕಡಲತೀರದಲ್ಲೂ ಹೀಗೆಯೇ ವಾರಾಂತ್ಯದ ಸ್ವಚ್ಛತೆ ನಡೆಯಿತು. ಒಂದು ವಾರ ತೆಗೆದ ಕಸ ಮುಂದಿನ ಉಬ್ಬರಕ್ಕೆ ಮತ್ತೆ ಹಾಜರು. ಮೇಲಿನಿಂದ ಮಿಠಿ ತರುವುದನ್ನು ಕೆಳಗೆ ಎಷ್ಟು ಹೆಕ್ಕಿದರೂ ಮುಗಿಯದು ಎಂಬ ಪಾಠ ಅವರಿಗೆ ಬೇಗನೆ ತಿಳಿಯಿತು. ಬಹುಶಃ ಅದಕ್ಕೇ ಫಿಲ್ಟರ್‌ಪಾಡಾದ ಕೆಲಸ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅಲ್ಲಿ ದಡದ ಮನೆಗಳವರ ಜೊತೆ ಮಾತಾಡಿ ಕಸ ನೀರಿಗೆ ಬೀಳುವ ಮೊದಲೇ ತಡೆಯುವ ಪ್ರಯತ್ನವಿತ್ತು.

ಇವರೆಲ್ಲರಿಗಿಂತ ಹಳಬರು ಕೋಲಿ ಮೀನುಗಾರರು. ಧಾರಾವಿಯೇ ಮೊದಲು ಖಾಡಿಯಂಚಿನ ಕೋಲಿವಾಡ. ಅಲ್ಲಿ ಈಗ ಬಲೆ ಬೀಸುವ ನೀರಿಲ್ಲ. ಮಾಹುಲ್, ಟ್ರಾಂಬೆಯವರು ಮಾತ್ರ ಇನ್ನೂ ದೋಣಿ ಇಳಿಸುತ್ತಾರೆ. 2010ರ ಆಗಸ್ಟ್ 7ರಂದು ಬಂದರಿನ ಹೊರಗೆ ಎಂಎಸ್‌ಸಿ ಚಿತ್ರಾ, ಖಲೀಜಿಯಾ ಎಂಬ ಎರಡು ಹಡಗುಗಳು ಡಿಕ್ಕಿಯಾಗಿ ನೂರಾರು ಟನ್ ತೈಲ ಸೋರಿತು. ಕಾಂಡ್ಲಾದ ಬೇರುಗಳಿಗೆ ಎಣ್ಣೆ ಮೆತ್ತಿತು, ಮೀನು ಕೊಳ್ಳಲು ಜನ ಹೆದರಿದರು. ಅಳಿವೆ ಕೆಟ್ಟರೆ ಮೊದಲ ದಿನವೇ ಒಲೆ ಆರುವುದು ಅವರ ಮನೆಯಲ್ಲಿ. ಆದರೂ ಯೋಜನೆಗಳ ಸಭೆಯಲ್ಲಿ ಅವರ ಕುರ್ಚಿ ಕೊನೆಯ ಸಾಲಿನಲ್ಲೇ.

ಮಾಹುಲ್-ಶಿವ್ಡಿಯ ಕೆಸರು ಬಯಲಿಗೆ 1990ರ ದಶಕದಿಂದ ಫ್ಲೆಮಿಂಗೋಗಳು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದವು. ಹಕ್ಕಿ ಬಂತು, ನೀರು ಶುದ್ಧವಾಯಿತು ಎಂದು ಸಂತೋಷಪಡುವವರಿಗೆ ಒಂದು ಮಾತು: ಅವು ತಿನ್ನುವ ಪಾಚಿ ನಮ್ಮ ಕೊಳಚೆಯಿಂದಲೇ ಕೊಬ್ಬುತ್ತದೆ ಎನ್ನುವ ತಜ್ಞರಿದ್ದಾರೆ. ಏನೇ ಇರಲಿ, ಆಚೆ ಠಾಣೆ ಖಾಡಿ 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಮಾಹುಲ್ ಕಡೆಗೆ ಆ ರಕ್ಷಣೆ ಇನ್ನೂ ಬಂದಿಲ್ಲ.

ನೋಡಬೇಕೆನ್ನುವವರು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಇಳಿತದ ಹೊತ್ತು ತಿಳಿದುಕೊಂಡು, ಹಾರ್ಬರ್ ಲೈನಿನಲ್ಲಿ ಶಿವ್ಡಿಗೆ ಹೋಗಿ ಜೆಟ್ಟಿಯ ಕಡೆ ನಡೆಯಿರಿ. ನೇಚರ್ ಪಾರ್ಕಿಗಾದರೆ ಸಯನ್ ಸ್ಟೇಷನ್ ಹತ್ತಿರ. ಮಕ್ಕಳನ್ನು ಕರೆದುಕೊಂಡು ಹೋಗಿ, ಅವರ ಕಾಲ ಕೆಳಗೆ ಎಷ್ಟು ವರ್ಷದ ಕಸ ಇದೆ ಎಂದು ಮಾತ್ರ ಆಮೇಲೆ ಹೇಳಿ.